ಇಪ್ಪತ್ತಾರನೆಯ ಮೈಲಿಯಲ್ಲಿ

ವೀರರ ಕಥೆಗಳನ್ನು ನಾವು ಹೇಳಿಕೊಂಡು ಬಂದಿರುವ ಕ್ರಮದಲ್ಲಿಯೇ ಏನೋ ಒಂದು ಕೊರತೆ ಇದೆ ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸುತ್ತಿದೆ. ಈ ಅನ್ನಿಸಿಕೆ ಹುಟ್ಟಿದ್ದು ದೊಡ್ಡ ಗ್ರಂಥಗಳ ಓದಿನಿಂದೇನೂ ಅಲ್ಲ. ವರ್ಷಕ್ಕೆರಡು ಸಲ, ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನಗಳ ಮುಂಚೆ, ನಮ್ಮ ಕಡೆಯ ಶಾಲೆಗಳಲ್ಲಿ ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆ ಇಡುವುದುಂಟು. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಎಂದು ಸುತ್ತಮುತ್ತಲ ಶಾಲೆಗಳಿಗೆ ತೀರ್ಪುಗಾರಳಾಗಿ ಹೋಗುವ ಕೆಲಸ ಕನ್ನಡ ಪಾಠ ಮಾಡುವ ನನ್ನಂಥವಳ ಪಾಲಿಗೆ ಬರುತ್ತದೆ. 'ನಾನು ಮೆಚ್ಚಿದ ವೀರಯೋಧ' ಎಂಬ ವಿಷಯದ ಮೇಲೆ ಬಂದ ಒಂದು ಕಟ್ಟು ಪ್ರಬಂಧ ಓದಿ ಮುಗಿಸಿದರೆ, ಒಂದೇ ಪ್ರಬಂಧವನ್ನು ನಲವತ್ತು ಸಲ ಓದಿದ ಆಯಾಸವಾಗುತ್ತದೆ. ಹೆಸರು ಬೇರೆ, ಬೆಟ್ಟ ಬೇರೆ, ಇಸವಿ ಬೇರೆ. ಉಳಿದಂತೆ ಎಲ್ಲ ಒಂದೇ. ಯೋಧ ಸಿಂಹದಂತೆ ಗರ್ಜಿಸುತ್ತಾನೆ, ಶತ್ರುಗಳು ಇರುವೆಗಳಂತೆ ಬರುತ್ತಾರೆ, ಅವನು ಕೊನೆಯ ಉಸಿರಿನವರೆಗೆ ಹೋರಾಡುತ್ತಾನೆ, ಭಾರತಾಂಬೆಯ ಮಡಿಲಲ್ಲಿ ಮಲಗುತ್ತಾನೆ. ಮಕ್ಕಳನ್ನು ಬಯ್ಯಲಾರೆ. ಅವರಿಗೆ ನಾವು ಕೊಟ್ಟಿರುವ ಅಚ್ಚು ಅದೊಂದೇ.

ಈ ಅಚ್ಚಿಗೆ ಒಗ್ಗದ ಒಬ್ಬ ವೀರರ ಕಥೆ ನಮ್ಮ ರಾಜ್ಯದಲ್ಲಿಯೇ ಇದೆ. ಕಾರವಾರದ ಹತ್ತಿರದ ಚೆಂಡಿಯಾ ಊರಿನ ರಾಮ ರಾಘೋಬಾ ರಾಣೆ. ಪೊಲೀಸ್ ಕಾನ್‌ಸ್ಟೇಬಲರೊಬ್ಬರ ಮಗ. ಹುಟ್ಟಿದ್ದು 1918ರ ಜೂನ್ 26ರಂದು. ಅಪ್ಪನಿಗೆ ವರ್ಗವಾದಂತೆಲ್ಲ ಶಾಲೆ ಬದಲಾಗಿ ಓದು ಸರಿಯಾಗಿ ಸಾಗಲಿಲ್ಲ. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಡೆ ದುಡಿದು, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು, 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆದವರು. ಆ ಕಾಲದಲ್ಲಿ ಅಧಿಕಾರಿಗಳ ಸಾಲಿನಲ್ಲಿ ಎಲ್ಲರಿಗಿಂತ ಕೆಳಗಿನ ಹುದ್ದೆ ಅದು. ಆಮೇಲೆ ನಾಲ್ಕು ತಿಂಗಳು ಕಳೆಯುವುದರೊಳಗೆ, 1948ರ ಏಪ್ರಿಲ್ 8ರಿಂದ 11ರವರೆಗೆ, ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಹೋಗುವ ಬೆಟ್ಟದ ರಸ್ತೆಯಲ್ಲಿ ಮಾಡಿದ ಕೆಲಸಕ್ಕಾಗಿ ಅವರಿಗೆ ಪರಮವೀರ ಚಕ್ರ ಬಂತು. 'ಕೆಲಸ' ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ.

ಪದಕದ ಜೊತೆಗೆ ಸರ್ಕಾರ ಹೊರಡಿಸುವ ಉಲ್ಲೇಖಪತ್ರವೊಂದಿರುತ್ತದೆ. ಯಾಕೆ ಪದಕ ಕೊಟ್ಟೆವು ಎಂಬುದರ ವಿವರಣೆ. ಸಾಮಾನ್ಯವಾಗಿ ಇದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ, ಓದಬೇಕಾದ್ದೂ ಇಲ್ಲವೆನ್ನಿ. ಆದರೆ ರಾಣೆಯವರ ಉಲ್ಲೇಖಪತ್ರವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕುಳಿತಾಗ ನನಗೆ ಆಶ್ಚರ್ಯವಾಯಿತು. ಅದರ ತುಂಬ ಗಡಿಯಾರವಿದೆ. ನೌಶೇರಾ–ರಾಜೌರಿ ರಸ್ತೆಯ ಇಪ್ಪತ್ತಾರನೆಯ ಮೈಲಿ ಎಂದು ಜಾಗವನ್ನು ಗುರುತಿಸಿ, ಬೆಳಿಗ್ಗೆ 11 ಗಂಟೆಗೆ ಶುರುವಾಗುವ ಬರಹ, ಸಂಜೆ 4.30, ರಾತ್ರಿ 10, ಮರುದಿನ ಬೆಳಿಗ್ಗೆ 6, ಮಧ್ಯಾಹ್ನ 3, ಸಂಜೆ 5, 6.15 ಎಂದು ಹೆಜ್ಜೆ ಹೆಜ್ಜೆಗೂ ಹೊತ್ತನ್ನು ಹೇಳುತ್ತ ಹೋಗುತ್ತದೆ. ನಮ್ಮ ಕಾಫಿ ತೋಟಗಳ ರೈಟರು ಸಂಜೆ ಚೆಕ್‌ರೋಲ್ ಬರೆಯುವ ಹಾಗಿದೆ. ಎಷ್ಟು ಹೊತ್ತಿಗೆ ಬಂದರು, ಎಲ್ಲಿವರೆಗೆ ಕೆಲಸ ಆಯಿತು, ಎಲ್ಲಿ ನಿಂತಿತು. ಒಂದು ವಾಕ್ಯದಲ್ಲಿ ಮಾತ್ರ, ರಸ್ತೆ ಬೆಟ್ಟವನ್ನು ಹಾವಿನ ಹಾಗೆ ಸುತ್ತಿ ಹೋಗುವುದನ್ನು ಹೇಳುವಲ್ಲಿ, ಬರೆದವರ ಮನಸ್ಸು ಒಂದು ಗಳಿಗೆ ಉಪಮೆಯ ಕಡೆ ವಾಲುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತವರಿಗೆಲ್ಲ ಆ ವಾಕ್ಯ ಅರ್ಥವಾಗುತ್ತದೆ.

ನಡೆದದ್ದು ಇಷ್ಟು. ರಾಜೌರಿಯನ್ನು ದಾಳಿಕೋರರ ಕೈಯಿಂದ ಬಿಡಿಸಿಕೊಳ್ಳಬೇಕಾಗಿತ್ತು. ಟ್ಯಾಂಕುಗಳು ಹೋಗದೆ ಅದು ಆಗುವಂತಿರಲಿಲ್ಲ. ರಸ್ತೆ ಇಲ್ಲದೆ ಟ್ಯಾಂಕು ಹೋಗುವಂತಿರಲಿಲ್ಲ. ಶತ್ರುಗಳು ರಸ್ತೆಯ ಉದ್ದಕ್ಕೂ ನೆಲಬಾಂಬು ಹೂತು, ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿ, ಮೋರಿಗಳನ್ನು ಒಡೆದು, ಆ ಅಡ್ಡಿಗಳ ಮೇಲೆ ಬೀಳುವಂತೆ ಮೆಷಿನ್ ಗನ್ನುಗಳನ್ನು ಹೂಡಿ ಕುಳಿತಿದ್ದರು. ಏಪ್ರಿಲ್ 8ರಂದು ರಾಣೆಯವರ ತುಕಡಿ ಕೆಲಸ ಶುರು ಮಾಡಲು ಟ್ಯಾಂಕುಗಳ ಬಳಿ ಕಾಯುತ್ತಿದ್ದಾಗಲೇ ಮಾರ್ಟರ್ ಗುಂಡುಗಳು ಬಿದ್ದು ಇಬ್ಬರು ಸತ್ತರು. ಐವರಿಗೆ ಗಾಯವಾಯಿತು, ಅವರಲ್ಲಿ ರಾಣೆಯವರೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ಅವರು ಕೆಲಸಕ್ಕೆ ಇಳಿದರು. ಬರ್ವಾಲಿ ಏಣು ನಮ್ಮವರ ವಶವಾದ ಮೇಲೆ, ಸುತ್ತ ಇನ್ನೂ ಶತ್ರುಗಳಿದ್ದಾರೆಂದು ಗೊತ್ತಿದ್ದೂ ಮುಂದೆ ಹೋಗಿ, ಅವರ ಕಣ್ಣೆದುರಿನಲ್ಲೇ ರಾತ್ರಿ 10ರವರೆಗೆ ಬಳಸುದಾರಿ ಕಡಿದರು.

ಮರುದಿನವೂ ಅದೇ. ಅರ್ಧ ಮೈಲಿ ಹೋದರೆ ಅಡ್ಡ ಬಿದ್ದ ಮರಗಳು. ಸಿಡಿಮದ್ದು ಇಟ್ಟು ತೆಗೆದರು. ಮುನ್ನೂರು ಗಜ ಹೋದರೆ ಮತ್ತೆ ಮರಗಳು. ಆಮೇಲೆ ಮುರಿದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಪೈನ್ ಮರಗಳ ಒಂದು ಅಡ್ಡಿ, ಸುತ್ತ ನೆಲಬಾಂಬು, ಮೇಲಿಂದ ಮೆಷಿನ್ ಗನ್ನು. ರಾಣೆಯವರು ಅದಕ್ಕೂ ಕೈಹಾಕಿದ್ದರು. ಟ್ಯಾಂಕು ಪಡೆಯ ನಾಯಕರೇ ಪರಿಸ್ಥಿತಿ ನೋಡಿ ಪಡೆಯನ್ನು ರಾತ್ರಿಗೆ ನಿಲ್ಲಿಸಿದರು. 10ನೆಯ ತಾರೀಕು ಬೆಳಗಿನ ಜಾವ 4.45ಕ್ಕೆ ಅದೇ ಮರಗಳ ಬಳಿ ಮತ್ತೆ ಕೆಲಸ. 6.30ಕ್ಕೆ ದಾರಿ ಬಿಟ್ಟಿತು. ಒಂದು ಮುಕ್ಕಾಲು ಗಂಟೆ.

ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಕಳಸದವರೆಗಿನ ರಸ್ತೆಯಲ್ಲಿ ಓಡಾಡುವ ನಮಗೆ ಈ ಒಂದು ಮುಕ್ಕಾಲು ಗಂಟೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಗೆ ಒಂದು ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದರೆ ಬಸ್ಸು ನಿಲ್ಲುತ್ತದೆ. ಪಕ್ಕದ ತೋಟದಿಂದ ಯಾರೋ ಗರಗಸದ ಯಂತ್ರ ತರುತ್ತಾರೆ. ಕೊಂಬೆ ಸವರಿ, ತುಂಡು ಮಾಡಿ, ಉರುಳಿಸಿ, ಒಂದು ಗಾಡಿ ಹೋಗುವಷ್ಟು ಜಾಗ ಆಗುವಾಗ ಒಂದು ಹೊತ್ತಿನ ಊಟದ ಸಮಯ ತಪ್ಪಿರುತ್ತದೆ. ಅದೂ ಯಾರೂ ಗುಂಡು ಹಾರಿಸದೆ ಇರುವಾಗ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಜಾರಿ, ಚಾರ್ಮಾಡಿ ಘಾಟಿಯಲ್ಲಿ ವಾಹನ ಸಂಚಾರ ನಿಂತುಹೋದಾಗ, ರಸ್ತೆ ಎಂಬುದು ಎಷ್ಟು ದೊಡ್ಡ ಮಾತು ಎಂದು ನಮ್ಮ ತಾಲ್ಲೂಕಿನ ಸಣ್ಣ ಮಕ್ಕಳಿಗೂ ತಿಳಿಯಿತು. ಹಾಗಾಗಿಯೇ ಇರಬೇಕು, ಈ ಬರಹವನ್ನು ತರಗತಿಯಲ್ಲಿ ಓದಿದಾಗ ನಮ್ಮ ಮಕ್ಕಳು ಕೇಳಿದ ಪ್ರಶ್ನೆಗಳು ಭಾಷಣ ಸ್ಪರ್ಧೆಯ ಭಾಷೆಯಲ್ಲಿರಲಿಲ್ಲ. ಲೈನು ಮನೆಯಿಂದ ಬರುವ ಒಬ್ಬ ಹುಡುಗ, "ಮರದ ಅಡಿ ಬಾಂಬ್ ಇದ್ರೆ ಕತ್ತಿ ಹಾಕೂದು ಹ್ಯಾಂಗೆ ಟೀಚರ್?" ಎಂದ. ಒಬ್ಬಳು ಲೆಕ್ಕ ಹಾಕಿದಳು. ನಾಲ್ಕು ದಿನಗಳಲ್ಲಿ ಆ ಬರಹ ಹೇಳುವ ಹೊತ್ತನ್ನೆಲ್ಲ ಕೂಡಿಸಿದರೆ 55 ಗಂಟೆ 30 ನಿಮಿಷ. "ಮಧ್ಯ ಊಟಕ್ಕೆ ಬಿಟ್ಟದ್ದು ಕಳೀಬೇಕಾ?" ಎಂದೂ ಕೇಳಿದಳು. ಆ ಪ್ರಶ್ನೆಗೆ ಉತ್ತರ ಬರಹದಲ್ಲಿಯೇ ಇದೆ. ಅದನ್ನೀಗ ಹೇಳುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಇಡೀ ಬರಹದ ಜೀವ ಇರುವುದು ಅಲ್ಲಿ.

ಐದು ಮರಗಳ ಆಚೆ ಸಾವಿರ ಗಜದಷ್ಟು ದಾರಿಯಲ್ಲಿ ಉದ್ದಕ್ಕೂ ಅಡ್ಡಿಗಳು, ಒಡೆದ ದರೆಗಳು. ಹತ್ತು ನಿಮಿಷದ ನಡಿಗೆ. ಬಿಡಿಸಲು ನಾಲ್ಕು ಗಂಟೆ ಹಿಡಿಯಿತು. 10.30ಕ್ಕೆ ದಾರಿ ತೆರವಾಯಿತು. ಆಗ ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದು ಮುಂದೆ ಹೋದವು; ಮಧ್ಯಾಹ್ನ 2 ಗಂಟೆಗೆ ಚಿಂಗಸ್ ತಲುಪಿದವು. ಮೊಗಲರ ಕಾಲದ ಸರಾಯಿ ಇರುವ, ಜಹಾಂಗೀರನ ದೇಹದ ಒಂದು ಭಾಗವನ್ನು ಹೂಳಿದ್ದಾರೆಂದು ಜನ ಹೇಳುವ ಊರು ಅದು. ನಮ್ಮ ಸಾಧಾರಣ ವೀರಕಥೆಯಾಗಿದ್ದರೆ ಕಥೆಗಾರ ಟ್ಯಾಂಕುಗಳ ಹಿಂದೆ ಓಡಿಬಿಡುತ್ತಿದ್ದ. ಉಲ್ಲೇಖಪತ್ರ ಹಾಗೆ ಮಾಡದೆ ರಸ್ತೆಯಲ್ಲಿಯೇ ನಿಲ್ಲುತ್ತದೆ. ಟ್ಯಾಂಕು ನದಿಯಲ್ಲಿ ಹೋದೀತು. ಅಕ್ಕಿ, ಎಣ್ಣೆ, ಮದ್ದುಗುಂಡು, ಗಾಯಾಳುಗಳನ್ನು ಹೊರುವ ಲಾರಿಗಳು ಹೋಗಲಾರವು. ರಾಣೆಯವರು ಆ ಲಾರಿಗಳಿಗಾಗಿ ರಸ್ತೆ ಬಿಡಿಸುತ್ತ ಅಲ್ಲೇ ಉಳಿದರು, ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ, ರಾತ್ರಿ 9ರವರೆಗೆ. ನೋಡುವವರೆಲ್ಲ ಮುಂದೆ ಹೋದ ಮೇಲೆ ಹಿಂದೆ ಉಳಿದು ಮಾಡಿದ ಕೆಲಸ. 11ನೆಯ ತಾರೀಕು ಬೆಳಿಗ್ಗೆ 6ಕ್ಕೆ ಮತ್ತೆ ಶುರು. 11 ಗಂಟೆಗೆ ಚಿಂಗಸ್‌ವರೆಗೆ ರಸ್ತೆ ಸಿದ್ಧ. ಆಮೇಲೂ ರಾತ್ರಿ 10ರವರೆಗೆ ಮುಂದಿನ ದಾರಿ. 12ರಂದು ರಾಜೌರಿ ನಮ್ಮ ಸೈನ್ಯದ ಕೈಸೇರಿತು.

ಇಡೀ ಬರಹದಲ್ಲಿ ರಾಣೆಯವರು ಒಂದು ಗುಂಡನ್ನೂ ಹಾರಿಸಿದ ಮಾತಿಲ್ಲ. ಕನ್ನಡಿಸುತ್ತ ಹೋದ ಹಾಗೆ ನನ್ನ ಪೆನ್ನಿಗೆ ಸಿಕ್ಕ ಕ್ರಿಯಾಪದಗಳೆಂದರೆ ತೆಗೆ, ಕಡಿ, ಅಗೆ, ಸಿಡಿಸು, ಬಿಡಿಸು, ಮುಂದೆ ಹೋಗು, ಮತ್ತೆ ಶುರುಮಾಡು. ಎಲ್ಲ ನಮ್ಮ ತೋಟದ ಮೇಸ್ತ್ರಿಗಳ ಬಾಯಲ್ಲಿ ದಿನಾ ಇರುವ ಮಾತುಗಳು.

ಇಷ್ಟು ಒಳ್ಳೆಯ ಬರಹಕ್ಕೂ ದೋಷಗಳಿಲ್ಲದಿಲ್ಲ. ಕೊನೆಗೆ ಹತ್ತಿರವಾದಂತೆ ಬರೆದವರಿಗೆ ಅನುಮಾನ ಬಂದಿರಬೇಕು, ಇಷ್ಟೇ ಹೇಳಿದರೆ ಪದಕ ಕೊಟ್ಟಾರೋ ಇಲ್ಲವೋ ಎಂದು. ಆಗ ವಿಶೇಷಣಗಳ ಮೂಟೆ ಬಿಚ್ಚುತ್ತದೆ. ಅತಿಮಾನುಷ ಪ್ರಯತ್ನ, ಪ್ರಾಣದ ಹಂಗು ತೊರೆದ ಧೈರ್ಯ, ಅನುಕರಣೀಯ ನಾಯಕತ್ವ ಇತ್ಯಾದಿ. ಇವು ಯಾವ ಉಲ್ಲೇಖಪತ್ರದಲ್ಲಿದ್ದರೂ ಒಪ್ಪುವ, ಯಾವುದರಿಂದ ತೆಗೆದರೂ ನಷ್ಟವಾಗದ ಮಾತುಗಳು. ಸಾವಿರ ಗಜಕ್ಕೆ ನಾಲ್ಕು ಗಂಟೆ ಎಂದ ಮೇಲೆ ಅತಿಮಾನುಷ ಎನ್ನಬೇಕಾಗಿಲ್ಲ. ನಮ್ಮ ಮಕ್ಕಳ ಪ್ರಬಂಧಗಳಿಗೆ ಇಳಿದು ಬರುವುದು ಮಾತ್ರ ಈ ಮೂಟೆಯೇ. ಗಡಿಯಾರ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಮೊದಲ ದಿನ ಸತ್ತ ಆ ಇಬ್ಬರು ಸ್ಯಾಪರ್‌ಗಳಿಗೆ ಆ ಬರಹದಲ್ಲಿ ಹೆಸರಿಲ್ಲ. 'ಇಬ್ಬರು' ಎಂಬ ಸಂಖ್ಯೆಯಷ್ಟೇ. ಒಬ್ಬರಿಗೆ ಕೊಡುವ ಪದಕದ ಕಾಗದದಲ್ಲಿ ಉಳಿದವರ ಹೆಸರು ಬರೆಯುವ ಕ್ರಮ ಇಲ್ಲದಿರಬಹುದು. ಆದರೂ ಚೆಕ್‌ರೋಲಿನಲ್ಲಿ ಅರ್ಧ ದಿನ ಬಂದವರಿಗೂ ಹೆಸರಿನ ಮುಂದೆ ಒಂದು ಗೆರೆ ಇರುತ್ತದಲ್ಲ, ಅದನ್ನು ನೋಡಿ ಬೆಳೆದವಳಿಗೆ ಇದು ಚುಚ್ಚುತ್ತದೆ. ರಾಣೆಯವರು ಒಬ್ಬರೇ ಮರ ಎತ್ತಲಿಲ್ಲ. ಅವರ ಹೆಚ್ಚುಗಾರಿಕೆಯೇ ಆ ಸೋತ, ಹೆದರಿದ, ಇಬ್ಬರನ್ನು ಕಳಕೊಂಡ ಗುಂಪನ್ನು ನಾಲ್ಕು ದಿನ ಕೆಲಸದಲ್ಲಿ ನಿಲ್ಲಿಸಿದ್ದು. ಆ ಗುಂಪು ಮರೆಯಾದರೆ ನಾಯಕತ್ವ ಎಂಬ ಮಾತಿಗೂ ಅರ್ಥ ಉಳಿಯುವುದಿಲ್ಲ.

ಈ ಘಟನೆಯ ಬಗ್ಗೆ ಆಮೇಲೆ ಬಂದ ಕಥನಗಳಲ್ಲಿ ಹೆಚ್ಚು ಪ್ರಸಿದ್ಧವಾದ ಒಂದು ಪ್ರಸಂಗವಿದೆ. ರಾಣೆಯವರು ಟ್ಯಾಂಕಿನ ಹೊಟ್ಟೆಯ ಅಡಿಯಲ್ಲಿ, ಅದು ಸಾಗಿದಂತೆ ತಾವೂ ತೆವಳುತ್ತ, ಚಾಲಕನಿಗೆ ಕಟ್ಟಿದ ಹಗ್ಗ ಎಳೆದು ನಿಲ್ಲು, ಹೋಗು ಎಂದು ಸನ್ನೆ ಮಾಡುತ್ತ, ನೆಲಬಾಂಬುಗಳ ನಡುವೆ ದಾರಿ ಮಾಡಿಕೊಟ್ಟರೆಂಬುದು. ಉಲ್ಲೇಖಪತ್ರದಲ್ಲಿ ಈ ಹಗ್ಗದ ಮಾತೇ ಇಲ್ಲ. ಆದರೆ ಮುಂದಿನ ಕಥೆಗಾರರು ಹಿಡಿದುಕೊಂಡಿದ್ದು ಇದನ್ನೇ. ನನಗೂ ಇದು ಇಷ್ಟವೇ. ಪರಾಕ್ರಮಕ್ಕಿಂತ ಇದರಲ್ಲಿ ಕಾಣುವುದು ಉಪಾಯ, ಕೈಚಳಕ, ಯಂತ್ರದ ಪರಿಚಯ. ತೊಂದರೆ ಇರುವುದು ಇಷ್ಟೆ: ಈ ಒಂದು ಚಿತ್ರದಲ್ಲಿ ಕಥೆ ಮುಗಿದುಹೋಗುತ್ತದೆ. ಐವತ್ತೈದು ಗಂಟೆಗಳನ್ನು ಒಂದು ಚಿತ್ರದ ಚೌಕಟ್ಟಿಗೆ ಹಾಕಿದರೆ, ಆ ಗಂಟೆಗಳ ಬೇಸರ, ಹಸಿವು, ಕೈಯ ಬೊಬ್ಬೆ ಎಲ್ಲ ಸೋರಿಹೋಗುತ್ತವೆ.

ಹೀಗೆ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುವುದು ನಮ್ಮಲ್ಲಿ ಹಳೆಯ ಚಾಳಿ. ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹಿಂದಿನ ಸೊಸೆವೂರು. ಗುರು 'ಹೊಯ್ ಸಳ' ಎಂದರು, ಸಳ ಹುಲಿಯನ್ನು ಹೊಡೆದ ಎಂಬ ಐತಿಹ್ಯದ ನೆಲ. ಬೇಲೂರಿನಲ್ಲಿ ನೋಡಿ, ಹಳೇಬೀಡಿನಲ್ಲಿ ನೋಡಿ, ಅದೇ ಹುಲಿ, ಅದೇ ಸಳ. ಹೊಡೆಯುವ ಕ್ಷಣ ಕಲ್ಲಾಗಿ ನಿಂತಿದೆ. ವೀರಗಲ್ಲುಗಳದ್ದು ಇನ್ನೊಂದು ಕ್ರಮ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ದೇವರ ಸನ್ನಿಧಿ. ನಮ್ಮ ಜಿಲ್ಲೆಯ ಹೊಲದ ಬದುಗಳಲ್ಲಿ, ದೇವಸ್ಥಾನಗಳ ಹಿಂದೆ ಇಂಥ ಕಲ್ಲುಗಳು ಬೇಕಾದಷ್ಟಿವೆ. ಕೆಲವನ್ನು ನಮ್ಮವರು ಬಟ್ಟೆ ಒಗೆಯಲೂ ಬಳಸಿದ್ದುಂಟು. ಕಲಾದೃಷ್ಟಿಯಿಂದ ನಾನು ಅವನ್ನು ಹಳಿಯುತ್ತಿಲ್ಲ. ಆದರೆ ಈ ಮೂರು ಪಟ್ಟಿಕೆಗಳ ವಿನ್ಯಾಸಕ್ಕೆ ಸಾವು ಬೇಕೇ ಬೇಕು. ಸಾಯದಿದ್ದರೆ ಎರಡನೆಯ ಪಟ್ಟಿಕೆಯಲ್ಲಿ ಏನು ಕೆತ್ತುವುದು? ಪರಮವೀರ ಚಕ್ರದ ಪದಕವನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಇಲ್ಲಿಯವರೇ ಆಗಿಹೋದ ಸಾವಿತ್ರಿ ಖಾನೋಲ್ಕರ್ ಎಂಬ ಮಹಿಳೆ ಅದನ್ನು ರೂಪಿಸಿದರು. ಅದರ ಮೇಲಿರುವುದು ಇಂದ್ರನ ವಜ್ರಾಯುಧ, ದಧೀಚಿ ಮಹರ್ಷಿ ತನ್ನ ಮೂಳೆಗಳನ್ನೇ ಕೊಟ್ಟು ಆದದ್ದು. ತುಂಬ ಅರ್ಥವತ್ತಾದ ಕಲ್ಪನೆ, ಒಪ್ಪುತ್ತೇನೆ. ಆದರೆ ಅಲ್ಲಿಯೂ ಕಥೆಯ ತಳದಲ್ಲಿರುವುದು ದೇಹತ್ಯಾಗ. ಈವರೆಗೆ ಆ ಪದಕ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರ. ರಾಣೆಯವರು ಬದುಕಿ ಉಳಿದರು. ಸೈನ್ಯದಲ್ಲಿಯೇ ಮುಂದುವರಿದು, ಮೇಜರ್ ಆಗಿ 1968ರಲ್ಲಿ ನಿವೃತ್ತರಾಗಿ, 1994ರ ಜುಲೈನಲ್ಲಿ, 76ನೆಯ ವಯಸ್ಸಿನಲ್ಲಿ ಪುಣೆಯಲ್ಲಿ ತೀರಿಕೊಂಡರು. ಆ ನಾಲ್ಕು ದಿನಗಳ ನಂತರ ನಲವತ್ತಾರು ವರ್ಷ. ನಮ್ಮ ವೀರಗಲ್ಲಿನ ಭಾಷೆಯಲ್ಲಿ ಈ ನಲವತ್ತಾರು ವರ್ಷಗಳಿಗೆ ಜಾಗವಿಲ್ಲ. ಶಾಲೆಯ ಪ್ರಬಂಧಗಳಲ್ಲಿ ಅವರ ಹೆಸರು ಅಷ್ಟಾಗಿ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ನಾನು ಯೋಚಿಸಿದ್ದೇನೆ.

ಹಾಗೆಂದು ಬದುಕಿದ್ದ ವೀರನನ್ನು ಗೌರವಿಸುವ ಭಾಷೆ ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಚಿಕ್ಕಮಗಳೂರಿನ ನೆರೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು, ಸುಮಾರು ಕ್ರಿ.ಶ. 450ರದು, ಕನ್ನಡದ ಮೊದಲ ಶಾಸನವೆಂದು ನಾವೆಲ್ಲ ಪಾಠ ಮಾಡುತ್ತೇವೆ. ಅದು ಏನು ಹೇಳುತ್ತದೆಂದು ಕೇಳಿದರೆ ಎಷ್ಟೋ ಜನ ತಡವರಿಸುತ್ತಾರೆ. ಅದು ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಎರಡು ಊರುಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ದಾಖಲೆ. ಬಾಳ್ಗಳ್ಚು ಎಂದರೆ ಕತ್ತಿ ತೊಳೆಯುವುದು. ಹೊಡೆದದ್ದಾಯಿತು, ಕತ್ತಿ ತೊಳೆದಿಡು, ಈ ಭೂಮಿ ನೋಡಿಕೊಂಡು ಬದುಕು ಎಂಬ ಧ್ವನಿ ನನಗೆ ಅದರಲ್ಲಿ ಕೇಳಿಸುತ್ತದೆ. ವಿದ್ವಾಂಸರು ಈ ಅರ್ಥವನ್ನು ಎಳೆತಂದದ್ದು ಎನ್ನಬಹುದು. ಅನ್ನಲಿ.

ಇದಕ್ಕೆ ಎದುರು ಮಾತುಗಳಿವೆ, ಅವನ್ನೂ ಹೇಳಬೇಕು. ಬರ್ವಾಲಿ ಏಣನ್ನು ಡೋಗ್ರಾ ಪಡೆಯವರು ಕಾದಾಡಿ ಗೆಲ್ಲದಿದ್ದರೆ ರಾಣೆಯವರಿಗೆ ಬಿಡಿಸಲು ರಸ್ತೆಯೇ ಸಿಗುತ್ತಿರಲಿಲ್ಲ. ಅವರು ಬಿಡಿಸಿದ ದಾರಿಯಲ್ಲಿ ಹೋದದ್ದು ಮದುವೆ ದಿಬ್ಬಣವಲ್ಲ, ಟ್ಯಾಂಕುಗಳು. ಕೈ ಕೊಳಕಾಗದ ಶೌರ್ಯವೊಂದಿದೆ ಎಂದು ನಾನು ಹೇಳಹೊರಟರೆ ಅದು ಯುದ್ಧಕ್ಕೆ ಸುಣ್ಣ ಬಳಿದ ಹಾಗೆ. ಇನ್ನು ಕೆಲವರ ಶೌರ್ಯ ಒಂದು ಕ್ಷಣದ್ದೇ ಆಗಿರುತ್ತದೆ, ಅದನ್ನು ಹಾಗೆಯೇ ಹೇಳಬೇಕು. ನಮ್ಮ ನೆರೆಯ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಿನ ದಾಳಿಯಿಂದ ಮರಳಲಿಲ್ಲ. ತಮ್ಮದಕ್ಕಿಂತ ವೇಗವಾದ ಶತ್ರು ವಿಮಾನವನ್ನು ಅವರು ಕೆಡವಿದ್ದು ನಮ್ಮವರಿಗೆ ವರ್ಷಗಟ್ಟಲೆ ತಿಳಿಯಲೇ ಇಲ್ಲ. ಆಚೆ ಕಡೆಯ ಮಾಹಿತಿ ಪುಸ್ತಕವೊಂದರಲ್ಲಿ ಹೊರಬಂದ ಮೇಲೆ, 1988ರಲ್ಲಿ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ ಸಾಕ್ಷಿ ಇಲ್ಲದೆ ಕಾದ ಶೌರ್ಯ. ಬರೆಯುವವರು ಇಲ್ಲದಿದ್ದರೆ, ಬರೆದವರು ಸರಿಯಾಗಿ ಬರೆಯದಿದ್ದರೆ, ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಯಕ್ಷಗಾನದ ಯುದ್ಧದಲ್ಲಾದರೆ ವೀರ ತನ್ನ ಪೌರುಷವನ್ನು ತಾನೇ ಬಾಯಿತುಂಬ ಹೇಳಿಕೊಳ್ಳುತ್ತಾನೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನೂ ನಮ್ಮ ಜನವೇ ಕಟ್ಟಿದ್ದಾರೆನ್ನುವುದು ಬೇರೆ.

ರಾಣೆಯವರ ನೆನಪಿಗೆ ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವಂತಿಲ್ಲ. 1984ರಲ್ಲಿ ಒಂದು ತೈಲ ಹಡಗಿಗೆ ಅವರ ಹೆಸರಾಯಿತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ, 2006ರಲ್ಲಿ ಅವರ ಪ್ರತಿಮೆ ನಿಂತಿತು. 2023ರಲ್ಲಿ ಅಂಡಮಾನ್ ನಿಕೋಬಾರಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ ಒಂದಕ್ಕೆ ಅವರ ಹೆಸರು ಬಂತು. ರಸ್ತೆ ಬಿಡಿಸಿದವರಿಗೆ ರಸ್ತೆಯೇ ಹೋಗದ ದ್ವೀಪ! ಕಾರವಾರ ಅವರು ಹುಟ್ಟಿದಾಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅವರು ಮಹಾರಾಷ್ಟ್ರದವರೋ ಕರ್ನಾಟಕದವರೋ ಎಂಬ ಜಗ್ಗಾಟವೂ ಆಗಾಗ ಕಿವಿಗೆ ಬೀಳುತ್ತದೆ. ನನಗೆ ಇದರಲ್ಲಿ ಆಸಕ್ತಿಯಿಲ್ಲ.

ನನಗಿರುವ ಆಸಕ್ತಿ ಬೇರೆ, ಅದನ್ನು ಹೇಳದೆ ಇಷ್ಟು ಬರೆದದ್ದು ಪೂರ್ತಿಯಾಗದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು ಸೈನ್ಯದಲ್ಲಿದ್ದಾನೆ. ತಾಯಿ ತೋಟದ ಕೆಲಸದವರು. ರಜೆಯಲ್ಲಿ ಬಂದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಜನರನ್ನ ಹೊಡ್ದೆ ಮಾರಾಯ?" ತಾನು ಸೇತುವೆ ಕಟ್ಟುವ ಪಡೆಯಲ್ಲಿದ್ದೇನೆ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದಂತೆ. ಒಂದೆರಡು ಸಲ ಸುಳ್ಳು ಹೇಳಿ ಪಾರಾಗಿದ್ದನ್ನೂ ಅವನೇ ನನ್ನ ಹತ್ತಿರ ಹೇಳಿಕೊಂಡ. ತಾಯಿಯದು ಇನ್ನೊಂದು ಕಷ್ಟ. "ಟೀಚರೇ, ಅಷ್ಟು ದೂರ ಹೋಗಿ ಮಣ್ಣು ಕಲ್ಲಿನ ಕೆಲ್ಸವೇ ಮಾಡೂದಾದ್ರೆ ಇಲ್ಲೇ ಇರಬಹುದಿತ್ತಲ್ಲ?" ಎಂದು ಒಮ್ಮೆ ದಾರಿಯಲ್ಲಿ ಸಿಕ್ಕಿ ಕೇಳಿದರು. ಆಕೆ ಹಾಸ್ಯ ಮಾಡುತ್ತಿರಲಿಲ್ಲ. ಮಗನ ಕೆಲಸಕ್ಕೆ ಊರಿನ ಬಾಯಲ್ಲಿ ಒಂದು ಹೆಸರಿಲ್ಲವಲ್ಲ ಎಂಬ ಸಂಕಟ ಅದು. ಆಕೆಗೆ ನಾನು ಆ ಇಪ್ಪತ್ತಾರನೆಯ ಮೈಲಿಯ ವಿಷಯ ಹೇಳಿದೆ. ಐದು ಮರಗಳ ಬಗ್ಗೆ, ರಾತ್ರಿ 9ರವರೆಗೆ ಊಟವಿಲ್ಲದ್ದರ ಬಗ್ಗೆ. ಆಕೆ ಪೂರ್ತಿ ಕೇಳಿ, "ಅಯ್ಯೋ, ಅವರಮ್ಮ ಇದ್ದಿದ್ರಾ ಆಗ?" ಎಂದರು.

ಕಳೆದ ಸಲ ಅವನು ಬಂದಾಗ ಮಳೆ ಜೋರಾಗಿತ್ತು. ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿತ್ತು. ಶಾಲೆಗೆ ಕರೆಸಿದೆ. ಗಡಿಯಲ್ಲಿ ಗುಂಡಿನ ಕಾಳಗ ಕಂಡದ್ದನ್ನು ಮಕ್ಕಳಿಗೆ ಹೇಳು ಎಂದು ಸಹೋದ್ಯೋಗಿಯೊಬ್ಬರು ಪೀಠಿಕೆ ಹಾಕಿದರು. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬೋರ್ಡಿನ ಮೇಲೆ ಬೇಲಿ ಸೇತುವೆಯ ಚಿತ್ರ ಬರೆದ. ಹತ್ತು ಅಡಿ ಉದ್ದದ ಒಂದೊಂದು ಕಬ್ಬಿಣದ ಚೌಕಟ್ಟು, ಸುಮಾರು 260 ಕೆಜಿ ತೂಕ, ಆರು ಜನ ಎತ್ತಬೇಕು. ಒಂದಕ್ಕೊಂದು ಜೋಡಿಸಿ ಪಿನ್ನು ಹಾಕುವುದು, ಈಚೆ ದಡದಲ್ಲಿಯೇ ಕಟ್ಟಿ ಆಚೆಗೆ ತಳ್ಳುವುದು, ಆಚೆ ದಡ ಮುಟ್ಟುವವರೆಗೆ ಹಿಂದೆ ಭಾರ ಇಡುವುದು. ಇಷ್ಟನ್ನು ಹೇಳುವಾಗ ಅವನ ಮಾತು ಎಲ್ಲೂ ತಡೆಯಲಿಲ್ಲ. ಹಿಂದಿನ ಸಾಲಿನ ಹುಡುಗರು ಎದ್ದು ಮುಂದೆ ಬಂದರು. ಎತ್ತುವುದು ಹೇಗೆ ತೋರಿಸಿ ಎಂದದ್ದಕ್ಕೆ ತರಗತಿಯ ಉದ್ದ ಬೆಂಚನ್ನು ನಡುವೆ ತರಿಸಿ, ಮೂವರನ್ನು ಆಚೆ, ಮೂವರನ್ನು ಈಚೆ ನಿಲ್ಲಿಸಿದ. ಒಬ್ಬ ಮೊದಲು ಎತ್ತಿದರೆ ಪಕ್ಕದವನ ಬೆರಳು ಹೋಗುತ್ತದೆ, ನನ್ನ ಕೂಗಿಗೆ ಎಲ್ಲರೂ ಒಟ್ಟಿಗೆ ಎಂದ. ಎರಡು ಸಲ ಬೆಂಚು ವಾರೆಯಾಗಿ ಎದ್ದಿತು. ಮೂರನೆಯ ಸಲ ಸರಿಯಾಗಿ ಎದ್ದಾಗ ಬೆಲ್ಲು ಹೊಡೆಯಿತು, ಯಾರೂ ಕೆಳಗಿಡಲಿಲ್ಲ.